ಅಂಗಿಯ ತೋಳಿನ ಎಣ್ಣೆ

ಈ ಸಂಜೆ ಹೊಲಿಗೆ ಯಂತ್ರಕ್ಕೆ ಎರಡು ಹನಿ ಎಣ್ಣೆ ಬಿಟ್ಟೆ ನೋಡಿ, ಆ ವಾಸನೆಗೆ ನನ್ನ ಹಳೆಯ ಸಂಶಯವೆಲ್ಲ ಎದ್ದು ಕುಳಿತಿತು.

ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ಈ ಮನೆಗೆ ನಾವು ಬಂದ ಹೊಸತು. ನಮ್ಮವರು ಅಬುಧಾಬಿಯಲ್ಲಿ ಮರುಭೂಮಿ ತಿರುಗುವವರ ಸಾಮಾನು ಮಾರುವ ದೊಡ್ಡ ಅಂಗಡಿಯೊಂದರಲ್ಲಿದ್ದರು. ಟೆಂಟು, ಮಡಚುವ ಕುರ್ಚಿ, ಇದ್ದಿಲ ಒಲೆ ಅವರ ಪಾಲಿಗೆ. ಅಲ್ ಮೀನಾದ ಮೀನು ಮಾರ್ಕೆಟಿನಿಂದ ಅಂಜಲ್ ತಂದ ದಿನ ಅಂಗಿ ಮೀನು ನಾರಿದರೆ ನನಗೇನೂ ಅನಿಸದು. ಆದರೆ ತೋಳಿನ ತುದಿಯಲ್ಲಿ ಯಂತ್ರದ ಎಣ್ಣೆ? ಟೆಂಟಿಗೆ ಯಾರು ಎಣ್ಣೆ ಹಾಕುತ್ತಾರೆ, ನೀವೇ ಹೇಳಿ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಪ್ರಾರ್ಥನೆಗೆ ಮೊದಲು ಕಾಲರು, ಕಫ್ಫು, ಉಗುರು ನೋಡುತ್ತಿದ್ದರು. ಆ ಕಣ್ಣು ನನಗೂ ಅಂಟಿಕೊಂಡಿದೆ. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಗೊತ್ತಿಲ್ಲ.

“ಪ್ರಿಂಟರ್ ಹಾಳಾಗಿತ್ತು,” ಅಂದರು ಇವರು. ವಾರವಿಡೀ ಹಾಳಾಗುವ ಪ್ರಿಂಟರ್! ಮೇಲಿಂದ, ಫೋನು ಬಂದರೆ ಬಾಲ್ಕನಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಳ್ಳುವುದು. ತುಳಸಿಗೆ ನೀರು ಹಾಕುವ ನೆಪದಲ್ಲಿ ನಾನೂ ಹೋದೆ. “ಭಾರೀ ವಾಲಾ ಮತ್ ಲೋ ಭಾಯ್, ಆಪ್‌ಕಾ ಟ್ವಿಸ್ಟ್ ಸ್ಲೋ ಹೈ,” ಅನ್ನುತ್ತಿದ್ದರು. ಭಾರದ್ದು ಬೇಡವಂತೆ, ಯಾರದೋ ಟ್ವಿಸ್ಟು ನಿಧಾನವಂತೆ. ನನ್ನನ್ನು ಕಂಡದ್ದೇ ಫೋನು ಕಿಸೆಗೆ.

ಎದುರು ಮನೆಯ ಜೋಹರಾಳಿಗೆ ಹೇಳಿದರೆ ಅವಳು ನಕ್ಕಳು. “ಗಂಡಸರ ಅಂಗಿಯಲ್ಲಿ ಹೊಸ ಸೆಂಟಿನ ವಾಸನೆ ಬರುದು ಕೇಳಿದ್ದೇನೆ ಮಾರಾಯ್ತಿ. ನಿನ್ನವರಿಗೆ ಎಂತ, ಗ್ಯಾರೇಜಿನವಳು ಸಿಕ್ಕಿದಳಾ?”

ಮರುದಿನ ಒಗೆಯಲು ತೆಗೆದ ಪ್ಯಾಂಟಿನ ಕಿಸೆಯಿಂದ ಅದು ಬಿತ್ತು: ತಾಮ್ರದ ಬಣ್ಣದ, ಕಿರುಬೆರಳಿನ ಎರಡು ಗೆಣ್ಣಿನಷ್ಟು ಉದ್ದದ, ಮೂತಿ ಚೂಪಾದ ಗುಂಡು. ಊರಲ್ಲಿ ಹಂದಿ ಬೇಟೆಗೆ ಹೋದ ಯಾರದೋ ದಾರಿತಪ್ಪಿದ ಗುಂಡಿಗೆ ನನ್ನ ತಮ್ಮ ಒಂದು ಕಾಲು ಕಳೆದುಕೊಂಡವನು. ಹೆಣ್ಣು ನೋಡಲು ಬಂದ ದಿನವೇ ಇವರಿಗೆ ಹೇಳಿದ್ದೆ, ಕೋವಿಯ ಸಹವಾಸ ಇರುವವರು ನನಗೆ ಬೇಡ ಎಂದು.

ಊಟದ ಮೇಜಿನ ಮೇಲೆ, ಉಪ್ಪಿನಕಾಯಿಯ ಪಕ್ಕದಲ್ಲಿ ಗುಂಡನ್ನು ಇಟ್ಟೆ. “ಇದೂ ಪ್ರಿಂಟರಿನದ್ದಾ?”

ಇವರು ತುತ್ತು ಕೆಳಗಿಟ್ಟರು. “ಮದ್ದಿಲ್ಲ ಅದರಲ್ಲಿ. ಗಿರಾಕಿಗಳಿಗೆ ತೋರಿಸ್ಲಿಕ್ಕೆ ಇಟ್ಟದ್ದು. ನನ್ನನ್ನು ಬೇಟೆ ರೈಫಲ್ಲಿನ ಕೌಂಟರಿಗೆ ಹಾಕಿದ್ದಾರೆ. ಆ ಎಣ್ಣೆಯೂ ಅದರದ್ದೇ. ಆಗುದಿಲ್ಲ ಅಂದ್ರೆ ಖಲಾಸ್, ಕೆಲಸವೇ ಇಲ್ಲ. ನಿನಗೆ ಹೇಗೆ ಹೇಳುದು?”

“ದಾರಿ ತಪ್ಪುವುದನ್ನು ಮಾರ್ತೀರಿ.”

“ತಪ್ಪದ ಹಾಗೆ ನೋಡಿ ಕೊಡುದೇ ನನ್ನ ಕೆಲಸ ಮಾರಾಯ್ತಿ.”

ಚಪಾತಿ ಮಣೆ ತಂದು ಗುಂಡನ್ನು ಬುಗುರಿಯಂತೆ ತಿರುಗಿಸಿದರು. ವೇಗವಿದ್ದಷ್ಟು ಹೊತ್ತು ನೆಟ್ಟಗೆ ನಿಂತಿತು. ನಿಧಾನವಾದದ್ದೇ ತೂರಾಡಿ ಬಿತ್ತು. ಭಾರದ ಗುಂಡನ್ನು ಗಾಳಿ ಅಷ್ಟು ಸುಲಭಕ್ಕೆ ಸರಿಸುವುದಿಲ್ಲವಂತೆ, ಅದಕ್ಕೇ ದೂರದಿಂದ ಹೊಡೆಯುವವರಿಗೆ ಅದರ ಆಸೆ. ಆದರೆ ಭಾರ ಹೆಚ್ಚಿದರೆ ಉದ್ದವೂ ಹೆಚ್ಚು. ಉದ್ದದ್ದು ಬೀಳದೆ ಹೋಗಬೇಕಾದರೆ ಕೋವಿಯ ನಳಿಗೆಯ ಒಳಗಿನ ತಿರುಚು ಗೆರೆಗಳು, ಅಂದರೆ ಆ ಫೋನಿನ ಟ್ವಿಸ್ಟು, ಅದನ್ನು ಇನ್ನೂ ಜೋರಾಗಿ ತಿರುಗಿಸಿ ಬಿಡಬೇಕು. ಎಂಟು ಇಂಚಿಗೆ ಒಂದು ಸುತ್ತು ಬೇಕಾದಲ್ಲಿ ಹನ್ನೆರಡು ಇಂಚಿಗೆ ಒಂದು ಸುತ್ತಿನ ನಳಿಗೆ ಇದ್ದರೆ, ಗುಂಡು ಗಾಳಿಯಲ್ಲೇ ಪಲ್ಟಿ ಹೊಡೆದು ಎಲ್ಲಿಗೋ ಹೋಗುತ್ತದೆ. ‘ಎಲ್ಲಿಗೋ’ ಅನ್ನುವಾಗ ಇವರು ನನ್ನ ಮುಖ ನೋಡಲಿಲ್ಲ.

ಕೆಲಸ ಬಿಡಿ ಎಂದು ನಾನು ಹೇಳಲಿಲ್ಲ. ನಂಬಿದೆ ಎಂದೂ ಹೇಳಲಿಲ್ಲ.

ಈ ಸಂಜೆ ಎಣ್ಣೆಯ ಡಬ್ಬಿ ಮುಚ್ಚುವಷ್ಟರಲ್ಲಿ ಇವರು ಬಂದರು. ಬ್ಯಾಗು ತೆಗೆದುಕೊಳ್ಳುವ ನೆಪದಲ್ಲಿ ಕಫ್ಫು ಮೂಸಿದೆ.

“ಇನ್ನೂ ಬಿಡ್ಲಿಲ್ಲವಾ ನೀನು?” ನಕ್ಕರು.

“ಇವತ್ತು ಯಾರಿಗೆ ಎಂತ ಕೊಟ್ರಿ?”

“ಒಬ್ಬರು ಅಜ್ಜ. ಕಾಡಾಡಿನ ಬೇಟೆಗೆ ಹೊರದೇಶಕ್ಕೆ ಹೊರಟದ್ದಂತೆ. ಇದ್ದದ್ದರಲ್ಲಿ ಭಾರದ ಗುಂಡೇ ಬೇಕು ಅಂದ್ರು. ಯಲ್ಲಾ ಯಲ್ಲಾ ಅಂತ ಅವಸರ ಮಾಡಿ ತಗೊಂಡು ಹೋದ್ರು.”

“ಅವರ ನಳಿಗೆ ಎಷ್ಟು ಇಂಚಿಗೆ ಸುತ್ತು?”

ಇವರ ನಗು ಅಲ್ಲೇ ನಿಂತಿತು. ಶೂ ಬಿಚ್ಚಲು ಬಗ್ಗಿದ್ದವರು ಎದ್ದು ಫೋನು ತೆಗೆದು ಅಜ್ಜನ ನಂಬರು ಹುಡುಕಿದರು. ಈ ಸಲ ಬಾಲ್ಕನಿಗೆ ಹೋಗಲಿಲ್ಲ.