ಹಿಂದಿನ ಸೀಟಿನಲ್ಲಿ ಎರಡು ದಿನ

ಆ ವರ್ಷ ಆಗಸ್ಟ್‌ನಲ್ಲಿ ಅಂಗಡಿಯ ಏಣಿಯಿಂದ ಜಾರಿ ಬಿದ್ದು ಎಡ ಭುಜ ಹಾಳುಮಾಡಿಕೊಂಡೆ. ಜೆ.ಪಿ. ನಗರದಲ್ಲಿ ನಮ್ಮದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಮೇಲಿನ ಶೆಲ್ಫಿನಿಂದ ವೈರಿನ ಸುರುಳಿ ತೆಗೆಯಲು ಹೋಗಿದ್ದೆ. ಮೂಳೆ ಮುರಿಯಲಿಲ್ಲ, ಆದರೆ ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳದ ಹಾಗೆ ಬಿಗಿದುಕೊಂಡಿತು. ವರ್ಷ ಮುಗಿಯುವವರೆಗೂ ಬೈಕ್ ಮುಟ್ಟಬೇಡಿ ಅಂದರು ಡಾಕ್ಟರು. ಅದನ್ನು ಕೇಳಿದಾಗ ನನಗೆ ಮೊದಲು ನೆನಪಾದದ್ದು ಅಂಗಡಿಯಲ್ಲ, ಡಿಸೆಂಬರ್.

ಜಯನಗರದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದ ನಾವು ಮೂವರು ಸುಮಾರು ಇಪ್ಪತ್ತು ವರ್ಷದಿಂದ ಡಿಸೆಂಬರ್‌ನ ಒಂದು ಶನಿವಾರ, ಭಾನುವಾರ ಬೈಕಿನಲ್ಲಿ ಹೋಗಿ ಎಲ್ಲಾದರೂ ಟೆಂಟ್ ಹಾಕಿ ಬರುತ್ತಿದ್ದೆವು. ಒಬ್ಬನಿಗೆ ಶ್ರೀನಗರದಲ್ಲಿ ಬೈಕ್ ಗ್ಯಾರೇಜಿದೆ, ಇನ್ನೊಬ್ಬ ಬ್ಯಾಂಕಿನಲ್ಲಿದ್ದಾನೆ. ದಾರಿ ಯಾವುದು, ಎಲ್ಲಿ ನಿಲ್ಲಬೇಕು, ಟೆಂಟ್ ಎಲ್ಲಿ ಅನ್ನುವುದೆಲ್ಲ ನನ್ನ ಮಾತು. ನನ್ನ ಗಾಡಿ ಮುಂದೆ, ಅವರಿಬ್ಬರು ಹಿಂದೆ. ಇಬ್ಬರೂ ನನ್ನನ್ನು 'ಗುರು' ಅಂತಲೇ ಕರೆಯುತ್ತಿದ್ದರು. ಹೆಂಡತಿಯರು ಬರುತ್ತಿರಲಿಲ್ಲ. ನನ್ನವಳು ಬೆಳಗಿನ ಜಾವ ಎದ್ದು ಪುಳಿಯೋಗರೆ ಕಲಸಿ ಕಟ್ಟಿಕೊಡುತ್ತಿದ್ದಳು. ನಾನು ಭಾನುವಾರ ಸಂಜೆ ಪುಟ್ಟೇನಹಳ್ಳಿಯ ಮನೆಗೆ ವಾಪಸ್ ಬಂದು, ಹೊಗೆ ವಾಸನೆಯ ಬಟ್ಟೆಯಲ್ಲೇ ಕೂತು ನಡೆದದ್ದನ್ನೆಲ್ಲ ಹೇಳುತ್ತಿದ್ದೆ. ಅವಳು ಕೇಳಿಸಿಕೊಳ್ಳುತ್ತಿದ್ದಳು.

ನವೆಂಬರ್ ಕೊನೆಯಲ್ಲಿ ಬ್ಯಾಂಕಿನವನು ಫೋನ್ ಮಾಡಿ, ಈ ಸಲ ನೀನು ನನ್ನ ಹಿಂದೆ ಕೂತ್ಕೊ ಅಂದ. ನೀವಿಬ್ಬರೂ ಹೋಗಿ ಬನ್ನಿ ಅಂತ ದೊಡ್ಡ ಮನಸ್ಸಿನವನ ಹಾಗೆ ಹೇಳಿದೆ. ನಾನಿಲ್ಲದೆ ಅವರು ಹೊರಡುವುದಿಲ್ಲ ಅಂದುಕೊಂಡಿದ್ದೆ. ಹೆಂಡತಿ ನೆಲದ ಮೇಲೆ ಕೂತು ಅವರೆಕಾಳು ಹಿಸುಕುತ್ತಿದ್ದಳು. ತಲೆ ಎತ್ತದೆಯೇ ಅಂದಳು:

"ಬೇರೆಯವರ ಹಿಂದೆ ಯಾಕೆ ಕೂರ್ತೀರಿ? ನಮ್ಮ ಗಾಡೀಲೇ ಹೋಗೋಣ. ನಾನು ಓಡಿಸ್ತೀನಿ."

ನಾನು ನಕ್ಕೆ. ಅವಳು ಇಪ್ಪತ್ತು ವರ್ಷದಿಂದ ಸ್ಕೂಟರ್ ಓಡಿಸುತ್ತಿದ್ದಳು ನಿಜ, ಆದರೆ ಅದು ಮಾರ್ಕೆಟ್ಟಿಗೆ, ಮಗಳ ಸ್ಕೂಲಿಗೆ. ಅವಳು ಕೈ ಒರೆಸಿಕೊಂಡು ಎದ್ದು ಪರ್ಸಿನಿಂದ ಲೈಸೆನ್ಸ್ ತೆಗೆದು ನನ್ನ ಮುಂದಿಟ್ಟಳು. ಗೇರ್ ಗಾಡಿಯದು, ಹೊಸದು.

ಆಮೇಲೆ ತಿಳಿಯಿತು. ನಾನು ಬೆಳಿಗ್ಗೆ ಫಿಸಿಯೋಥೆರಪಿಗೆ ಹೋಗುವ ಹೊತ್ತಿನಲ್ಲಿ, ಬ್ಯಾಟರಿ ಸಾಯದಿರಲಿ ಅಂತ ಗ್ಯಾರೇಜಿನವನು ಬಂದು ನನ್ನ ಬೈಕ್ ಸ್ಟಾರ್ಟ್ ಮಾಡಿ ಹೋಗುತ್ತಿದ್ದ. ಒಂದು ದಿನ ಇವಳು ಗೇರ್ ಹೇಗೆ ಅಂತ ಕೇಳಿದ್ದಾಳೆ. ಅವನು ತೋರಿಸಿದ್ದಾನೆ. ಮೊದಲು ಮನೆ ಹತ್ತಿರದ ಕೆರೆ ಪಕ್ಕದ ರಸ್ತೆ, ಆಮೇಲೆ ಭಾನುವಾರ ಖಾಲಿ ಇರುವಾಗ ಬನಶಂಕರಿ ಕಡೆಯ ರಿಂಗ್ ರೋಡ್. ಅವಳು ಕೆರೆ ಸುತ್ತ ವಾಕಿಂಗ್ ಹೋಗುತ್ತಿದ್ದಾಳೆ ಅಂತ ನಾನು ತಿಳಿದಿದ್ದೆ.

ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಹೇಳಿದ್ರೆ ಬೇಡ ಅಂತಿದ್ರಿ," ಅಂದಳು. ಅದು ಸುಳ್ಳಲ್ಲ.

ಒಂದು ವಾರ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವಳ ಮೇಲಾಗಲಿ ಗ್ಯಾರೇಜಿನವನ ಮೇಲಾಗಲಿ ನನಗೆ ಕೆಟ್ಟ ಅನುಮಾನವೇನೂ ಇರಲಿಲ್ಲ. ಅವನು ನನ್ನ ತಮ್ಮನ ಹಾಗೆ, ಅವಳನ್ನು ಅತ್ತಿಗೆ ಅನ್ನುತ್ತಿದ್ದವನು. ಆದರೂ ಹೊಟ್ಟೆ ಉರಿಯುತ್ತಿತ್ತು. ಅವಳು ಮೊದಲ ಸಲ ಇಂಜಿನ್ ಆಫ್ ಆಗದ ಹಾಗೆ ಕ್ಲಚ್ ಬಿಟ್ಟಾಗ ಮುಖ ಹೇಗಿತ್ತು ಅನ್ನುವುದು ಅವನಿಗೆ ಗೊತ್ತು, ನನಗೆ ಗೊತ್ತಿಲ್ಲ. ಅದೂ ನನ್ನ ಗಾಡಿಯ ಮೇಲೆ. ಇನ್ನು ಅವಳ ಮೇಲಿನ ಉರಿ ಬೇರೆ ಥರದ್ದು. ಬೇರೆಯವರು ಸ್ಪ್ಯಾನರ್ ತಪ್ಪು ಹಿಡಿದರೆ ರೇಗುವ ಆ ಮನುಷ್ಯ ಮೂರು ತಿಂಗಳು ತಾಳ್ಮೆಯಿಂದ ಅವಳಿಗೆ ಕಲಿಸಿದ್ದ. ನಲವತ್ತಾರು ವರ್ಷದ ಹೆಂಗಸು ಲೈಸೆನ್ಸ್ ತಗೊಂಡದ್ದನ್ನು ಬ್ಯಾಂಕಿನವನಿಗೂ ಹೇಳಿದ್ದ, ಇಬ್ಬರೂ ಹೆಮ್ಮೆಪಟ್ಟಿದ್ದರು.

ಕೊನೆಗೆ ಒಪ್ಪಿದೆ. ಡಿಸೆಂಬರ್‌ನ ಆ ಶನಿವಾರ ಬೆಳಿಗ್ಗೆ ಆರು ಗಂಟೆಗೆ ಹೊರಟೆವು. ಕನಕಪುರ ರಸ್ತೆಯಲ್ಲಿ ಮಂಜು ಎಷ್ಟಿತ್ತೆಂದರೆ ಮುಂದಿನ ಲಾರಿಯ ಕೆಂಪು ದೀಪ ಮಾತ್ರ ಕಾಣುತ್ತಿತ್ತು. ಅವಳು ನನ್ನ ಜಾಕೆಟ್ಟಿನ ತೋಳು ಮಡಚಿ ಹಾಕಿಕೊಂಡಿದ್ದಳು. ನನ್ನ ಗಾಡಿಯ ಹಿಂದಿನ ಸೀಟಿನಲ್ಲಿ ನಾನು ಅಲ್ಲಿಯವರೆಗೂ ಕೂತೇ ಇರಲಿಲ್ಲ. ಅಷ್ಟು ಗಟ್ಟಿ ಸೀಟು ಅಂತ ಗೊತ್ತಿರಲಿಲ್ಲ. ಪ್ರತಿ ತಿರುವಿನಲ್ಲೂ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಥರ್ಡ್‌ಗೆ ಹಾಕು, ಹಾರ್ನ್ ಹೊಡಿ, ಎಡಕ್ಕೆ ಬಾ ಅಂತ ಅವಳ ಹೆಲ್ಮೆಟ್ಟಿನ ಹತ್ತಿರ ಬಾಯಿಟ್ಟು ಹೇಳುತ್ತಲೇ ಇದ್ದೆ. ಹಾರೋಹಳ್ಳಿ ದಾಟಿದ ಮೇಲೆ ಅವಳು ಗಾಡಿ ಬದಿಗೆ ನಿಲ್ಲಿಸಿ ಹೆಲ್ಮೆಟ್ ತೆಗೆದಳು.

"ನೀವು ಸುಮ್ಮನೆ ಕೂತ್ರೆ ನಾನು ಚೆನ್ನಾಗಿ ಓಡಿಸ್ತೀನಿ," ಅಂದಳು.

ಗೆಳೆಯರಿಬ್ಬರೂ ಹಿಂದೆಯೇ ನಿಂತಿದ್ದರು. ಕೇಳಿಸದವರ ಹಾಗೆ ಹೊಲದ ಕಡೆ ನೋಡಿದರು.

ತಿಂಡಿಗೆ ಎಲ್ಲಿ ನಿಲ್ಲೋಣ ಅಂತ ಬ್ಯಾಂಕಿನವನು ಕೇಳಿದ್ದು ಅವಳನ್ನು. ಕನಕಪುರದಲ್ಲಿ ತಟ್ಟೆ ಇಡ್ಲಿ ತಿಂದೆವು. ಸಾತನೂರಿನ ಆಚೆ ರಸ್ತೆ ತಿರುಗುತ್ತಾ ಹೋಗುವ ಕಡೆ ಬಿಸಿಲು ಬಂತು. ಅವಳು ಗಾಡಿಯನ್ನು ಅವಸರವಿಲ್ಲದೆ ವಾಲಿಸಿ ಒಂದೊಂದೇ ತಿರುವು ದಾಟಿಸಿದಳು. ನಾನಾಗಿದ್ದರೆ ಇನ್ನೂ ವೇಗ ಇರುತ್ತಿತ್ತು, ಇಷ್ಟು ನಯ ಇರುತ್ತಿರಲಿಲ್ಲ. ಗ್ಯಾರೇಜಿನವನು ಪಕ್ಕಕ್ಕೆ ಬಂದು ಹೆಲ್ಮೆಟ್ಟಿನ ಗಾಜು ಎತ್ತಿ, "ಸಖತ್, ಗುರು," ಅಂದ. ಅಭ್ಯಾಸಬಲದಿಂದ ನಾನು ಕೈ ಎತ್ತಹೋದೆ. ಅವನು ನೋಡುತ್ತಿದ್ದದ್ದು ಅವಳನ್ನು.

ಹಲಗೂರಿನ ಆಚೆ, ಕಾವೇರಿ ದಡದಲ್ಲಿ, ಬ್ಯಾಂಕಿನವನ ಪರಿಚಯದವರದ್ದೊಂದು ಮಾವಿನ ತೋಟ. ಹಿಂದೆ ಎರಡು ಸಲ ಅಲ್ಲೇ ಟೆಂಟ್ ಹಾಕಿದ್ದೆವು. ಈ ಸಲ ಟೆಂಟ್ ಹಾಕಿದ್ದು ಗ್ಯಾರೇಜಿನವನು ಮತ್ತು ನನ್ನ ಹೆಂಡತಿ. ಅವನು ಹಗ್ಗ ಎಳೆದು ಹಿಡಿದ, ಅವಳು ಕಲ್ಲಿನಿಂದ ಗೂಟ ಬಡಿದಳು. ನಾನು ಬಂಡೆಯ ಮೇಲೆ ಕೂತು, ಒಂದು ಗೂಟ ಓರೆಯಾಗಿದೆ ಅಂತ ಎರಡು ಸಲ ಹೇಳಿದೆ.

ಕತ್ತಲಾಗುತ್ತಿದ್ದ ಹಾಗೆ ಚಳಿ ಹತ್ತಿತು. ಬೆಂಕಿ ಹಾಕಿ, ಬ್ಯಾಂಕಿನವನು ಕೋಳಿ ಸಾರು ಮಾಡಿದ. ಊಟದ ಹೊತ್ತಿಗೆ ಅವಳು ನಮ್ಮ ಹಳೆಯ ಪ್ರವಾಸಗಳ ಮಾತೆತ್ತಿದಳು. ನನ್ನಿಂದ ಕೇಳಿ ಕೇಳಿ ಅವಳಿಗೆ ಎಲ್ಲ ಬಾಯಿಪಾಠವಾಗಿತ್ತು. ಒಂದು ಬೆಳಿಗ್ಗೆ ಇದೇ ನದಿ ಹತ್ತಿರ ನಾನೊಬ್ಬನೇ ಆನೆಗೆ ಎದುರಾಗಿ, ಅಲುಗಾಡದೆ ನಿಂತು, ಅದು ತಾನಾಗಿ ತಿರುಗಿ ಹೋದ ಕಥೆ ಹೇಳಿದಳು. ಗೆಳೆಯರಿಬ್ಬರೂ ಮುಖ ಮುಖ ನೋಡಿಕೊಂಡರು. ಆನೆ ಕಂಡದ್ದು ಬ್ಯಾಂಕಿನವನಿಗೆ. ನಾನು ಆಗ ಟೆಂಟಿನೊಳಗೆ ಮಲಗಿದ್ದೆ. ಅವನು ಮೆಲ್ಲಗೆ ಅದನ್ನು ಹೇಳಿದ. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವಳು ನನ್ನನ್ನು ಸಿಕ್ಕಿಸಬೇಕೆಂದು ಹೇಳಿದ್ದಲ್ಲ, ಅದು ನನಗೆ ಗೊತ್ತು. ನಾನೂ ನಕ್ಕೆ. ಆಮೇಲೆ ಭುಜ ನೋಯುತ್ತಿದೆ ಅಂತ ಹೇಳಿ ಬೇಗ ಟೆಂಟಿಗೆ ಹೋದೆ. ಹೊರಗೆ ಮಾತು ನಿಲ್ಲಲಿಲ್ಲ. ನಾನಿಲ್ಲದಿದ್ದರೆ ಆ ಬೆಂಕಿಯ ಸುತ್ತ ಏನೂ ಇರುವುದಿಲ್ಲ ಅಂತ ಇಷ್ಟು ವರ್ಷ ನಂಬಿದ್ದೆ. ಅವರು ನಾನಿದ್ದಾಗಿನದಕ್ಕಿಂತ ಹೆಚ್ಚೇ ನಗುತ್ತಿದ್ದರು.

ಭಾನುವಾರ ಬೆಳಿಗ್ಗೆ ಚಹಾ ಕುಡಿದ ಮೇಲೆ ಅವಳಿಗೆ ಗಾಡಿಯನ್ನು ನೀರಿನ ಹತ್ತಿರದವರೆಗೂ ತಗೊಂಡು ಹೋಗುವ ಆಸೆಯಾಯಿತು. ತೋಟದಿಂದ ನದಿಗೆ ಎರಡು ದಾರಿ. ಒಂದು ಕಲ್ಲುಕಲ್ಲು, ನೋಡಿದರೆ ಭಯವಾಗುವಂಥದ್ದು. ಇನ್ನೊಂದು ಸಮತಟ್ಟಾಗಿ ಚೆನ್ನಾಗಿ ಕಾಣುತ್ತದೆ, ಆದರೆ ಕೊನೆಯಲ್ಲಿ ಮೆದು ಮರಳು. ಹಿಂದೊಮ್ಮೆ, ಎಲ್ಲರೂ ಮಲಗಿದ್ದಾಗ, ನಾನು ಅದರಲ್ಲಿ ಹೋಗಿ ಚಕ್ರ ಹೂತು ಬಿದ್ದಿದ್ದೆ. ಒಬ್ಬನೇ ಗಾಡಿ ಎಬ್ಬಿಸಿ, ಮರಳು ಒರೆಸಿ, ಯಾರಿಗೂ ಹೇಳದೆ ವಾಪಸ್ ಬಂದಿದ್ದೆ.

ಅವಳು ಗಾಡಿ ಸ್ಟಾರ್ಟ್ ಮಾಡಿ, ಬಂಡೆಯ ಮೇಲೆ ಕೂತಿದ್ದ ನನ್ನ ಕಡೆ ತಿರುಗಿದಳು. ಎರಡು ದಿನದಲ್ಲಿ ಅವಳು ನನ್ನನ್ನು ದಾರಿ ಕೇಳಿದ್ದು ಅದೊಂದೇ ಸಲ.

"ಯಾವ ಕಡೆ ಹೋಗ್ಲಿ ರೀ?"

"ಎರಡೂ ಒಂದೇ," ಅಂದೆ.

ಅವಳು ಚೆನ್ನಾಗಿ ಕಾಣುವ ದಾರಿಯನ್ನೇ ಹಿಡಿದಳು. ಮರಳಿಗೆ ಇಳಿದ ಕೂಡಲೇ ಮುಂದಿನ ಚಕ್ರ ಹೂತು, ಹ್ಯಾಂಡಲ್ ತಿರುಚಿ, ಗಾಡಿ ಬಲಕ್ಕೆ ಬಿತ್ತು. ಅವಳ ಕಾಲು ಕೆಳಗೆ ಸಿಕ್ಕಿಕೊಂಡಿತು. ಆ ಕ್ಷಣ ನನ್ನೊಳಗೆ ಒಂದು ಸಮಾಧಾನ ಆದದ್ದು ನಿಜ. ಅದು ಎರಡು ಉಸಿರಿನಷ್ಟು ಹೊತ್ತೂ ಇರಲಿಲ್ಲ, ಆದರೆ ಇತ್ತು. ಆಮೇಲೆ ಓಡಿದೆ. ಅಷ್ಟರಲ್ಲಿ ಅವರಿಬ್ಬರೂ ಗಾಡಿ ಎತ್ತಿದ್ದರು. ಸೈಲೆನ್ಸರ್ ತಗುಲಿ ಅವಳ ಮೀನಖಂಡ ಸುಟ್ಟಿತ್ತು, ಪ್ಯಾಂಟ್ ಚರ್ಮಕ್ಕೆ ಅಂಟಿತ್ತು. ಅವಳು ಹಲ್ಲು ಕಚ್ಚಿಕೊಂಡು ನದಿಯಲ್ಲಿ ಕಾಲು ಇಳಿಬಿಟ್ಟು ಕೂತಳು. ಮರಳಿನಲ್ಲಿ ಹೇಗೆ ಓಡಿಸಬೇಕು ಅಂತ ಹೇಳಿಕೊಡಲೇ ಇಲ್ಲ, ತಪ್ಪು ನಂದು ಅಂತ ಗ್ಯಾರೇಜಿನವನು ಪೇಚಾಡಿದ. ಅವಳೇ ಅವನಿಗೆ ಸಮಾಧಾನ ಹೇಳಿದಳು. ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ.

ಗಾಡಿಯನ್ನು ಇಲ್ಲೇ ಬಿಟ್ಟು ಹೋಗೋಣ ಅಂದರು ಅವರು. ಅವಳು ಒಪ್ಪಲಿಲ್ಲ. ಹಲಗೂರಿನಲ್ಲಿ ಮುಲಾಮು ಹಚ್ಚಿ ಪಟ್ಟಿ ಕಟ್ಟಿಸಿಕೊಂಡು ತಾನೇ ಓಡಿಸಿದಳು. ನಾನು ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ. ಕನಕಪುರದಲ್ಲಿ ಅವರಿಬ್ಬರೂ ಪೆಟ್ರೋಲ್ ಹಾಕಿಸಲು ಹೋದಾಗ ನಾವಿಬ್ಬರೇ ಚಹಾ ಅಂಗಡಿಯ ಮುಂದೆ ಕೂತಿದ್ದೆವು. ಅಲ್ಲಿ ಹೇಳಿದೆ. ಆ ಮರಳು ನನಗೆ ಗೊತ್ತಿತ್ತು ಅಂದೆ.

ಅವಳು ಚಹಾ ಆರಿಸಿಕೊಳ್ಳುತ್ತಿದ್ದಳು.

"ಗೊತ್ತು," ಅಂದಳು. "ನಾನು ಬೀಳೋಕೆ ಮುಂಚೆನೇ ನೀವು ಎದ್ದು ನಿಂತ್ರಿ. ಕನ್ನಡೀಲಿ ಕಾಣಿಸ್ತು."

"ಸಿಟ್ಟು ಬರ್ಲಿಲ್ವಾ?"

"ಬಂದಿದೆ. ಈಗ ಗಾಡಿ ಓಡಿಸಬೇಕು. ಮನೆಗೆ ಹೋಗಿ ತೋರಿಸ್ತೀನಿ."

ತೋರಿಸಿದಳು. ನಾಲ್ಕು ದಿನ ಮಗಳ ಮೂಲಕವೇ ಮಾತು. ಐದನೇ ದಿನ ಬೆಳಿಗ್ಗೆ ಪಟ್ಟಿ ಬದಲಾಯಿಸುವಾಗ ಹತ್ತಿ ಹಿಡಿದುಕೊಳ್ಳಿ ಅಂತ ನೇರವಾಗಿ ನನಗೇ ಹೇಳಿದಳು. ಗಾಯ ಹಸಿಯಾಗಿ ಕೆಂಪಗಿತ್ತು. ನೋಡಲಾಗಲಿಲ್ಲ, ಆದರೂ ಮುಖ ತಿರುಗಿಸದೆ ಹಿಡಿದುಕೊಂಡಿದ್ದೆ. ಯಾಕೆ ಹಾಗೆ ಮಾಡಿದಿರಿ ಅಂತ ಕೇಳಿದಳು. ಹೊಟ್ಟೆಕಿಚ್ಚು ಅಂದೆ. ಯಾರ ಮೇಲೆ ಅಂದಳು. ನಿಮ್ಮ ಮೂವರ ಮೇಲೂ ಅಂದೆ. ಅವಳು ಇನ್ನೊಂದು ಹತ್ತಿ ಕೊಡಿ ಅಂದಳು.

ಫೆಬ್ರವರಿ ಹೊತ್ತಿಗೆ ಭುಜ ಸಡಿಲವಾಯಿತು, ಗಾಡಿ ನನ್ನ ಕೈಗೆ ಬಂತು. ಮಾರ್ಚ್‌ನಲ್ಲಿ ಅವಳು ತನಗೊಂದು ಸೆಕೆಂಡ್‌ಹ್ಯಾಂಡ್ ಬೈಕ್ ತಗೊಂಡಳು. ಹುಡುಕಿ ಕೊಟ್ಟವನು ಗ್ಯಾರೇಜಿನವನೇ. ಕಳೆದ ಡಿಸೆಂಬರ್‌ನಲ್ಲಿ ನಾಲ್ಕು ಗಾಡಿ ಹೊರಟವು. ಮುಂದೆ ಅವಳು, ನಾನು ಮೂರನೆಯವನು. ಆ ಉರಿ ಪೂರ್ತಿ ಹೋಗಿದೆ ಅಂತ ಹೇಳಲಾರೆ. ಅವಳ ಫೋನಿನಲ್ಲಿ ಆ ಇಬ್ಬರ ಮೆಸೇಜ್ ಬಂದ ಸದ್ದಾದರೆ ಈಗಲೂ ನನ್ನ ಫೋನ್ ತೆಗೆದು ನೋಡುತ್ತೇನೆ, ನನಗೂ ಬಂದಿದೆಯಾ ಅಂತ.

ಆ ಡಿಸೆಂಬರ್‌ನಲ್ಲಿ ಹೊರಡುವ ಹಿಂದಿನ ದಿನ ಅವಳು ಪಂಕ್ಚರ್ ಕಿಟ್ ಹಿಡಿದು ಗೇಟಿನ ಹತ್ತಿರ ಬಂದು, ಟೈರಿಗೆ ಇದನ್ನು ಹಾಕೋದು ಹೇಗೆ ತೋರಿಸಿ ಅಂದಳು. ಗ್ಯಾರೇಜಿನವನನ್ನು ಕೇಳಬಹುದಿತ್ತು. ಅವಳು ಬೇಕಂತಲೇ ನನ್ನನ್ನು ಕೇಳುತ್ತಿದ್ದಾಳೆ ಅಂತ ನನಗೆ ತಿಳಿಯಿತು. ಆದರೂ ನೆಲದ ಮೇಲೆ ಮಂಡಿಯೂರಿ ಕೂತು, ಒಂದು ಹಳೆಯ ಟೈರ್ ತಂದಿಟ್ಟುಕೊಂಡು, ಎರಡು ಸಲ ತೋರಿಸಿದೆ.