ಗಾಡಿ ನಿಲ್ಲಿಸುವ ಜಾಗದಲ್ಲಿ ಕಾಫಿ

ವಾಣಿಯ ಸ್ಕೂಟರಿಗೆ ನಾಲ್ಕು ಚಕ್ರ. ಕಂಪನಿಯಿಂದ ಬಂದದ್ದು ಎರಡು. ಹಿಂದಿನ ಚಕ್ರದ ಎರಡೂ ಪಕ್ಕ ಒಂದೊಂದನ್ನು ಹಾಸನದ ಒಂದು ಗ್ಯಾರೇಜಿನಲ್ಲಿ ಕೂರಿಸಿಕೊಟ್ಟಿದ್ದರು. ಅದಕ್ಕೆ ಒಂಬತ್ತು ವರ್ಷವಾಯಿತು. ಊರುಗೋಲು ಸಿಕ್ಕಿಸಲು ಸೀಟಿನ ಬಲಕ್ಕೆ ಒಂದು ಪೈಪಿನ ತುಂಡು ಬೆಸೆದಿದ್ದಾರೆ. ನಂಬರ್ ಪ್ಲೇಟಿನ ಪಕ್ಕ ಗಾಲಿಕುರ್ಚಿಯ ಚಿತ್ರವಿರುವ ನೀಲಿ ಸ್ಟಿಕ್ಕರು ಬಿಸಿಲಿಗೆ ಬಿಳಿಚಿಕೊಂಡಿದೆ.

ವಾಣಿಗೆ ನಲವತ್ತೊಂದು. ಎರಡನೇ ವರ್ಷದಲ್ಲಿ ಬಂದ ಪೋಲಿಯೊ ಬಲಗಾಲನ್ನು ತೊಡೆಯಿಂದ ಕೆಳಗೆ ಸಣಕಲು ಮಾಡಿದೆ. ಆ ಕಾಲಿಗೆ ಕಬ್ಬಿಣದ ಪಟ್ಟಿಗಳ ಕ್ಯಾಲಿಪರ್ ಕಟ್ಟುತ್ತಾಳೆ. ಅದರ ತುದಿಗೆ ಬೂಟು ಸೇರಿಕೊಂಡೇ ಇದೆ. ಬೆಳಿಗ್ಗೆ ಕಟ್ಟಿದರೆ ರಾತ್ರಿ ಮಲಗುವಾಗಲೇ ಬಿಚ್ಚುವುದು. ಹೊಂಗಡಹಳ್ಳ ದಾಟಿ ಬಿಸಿಲೆ ಕಡೆಗೆ ಹೋಗುವ ರಸ್ತೆಯಲ್ಲಿ, ಎಸ್ಟೇಟುಗಳ ನಡುವಿನ ಒಂದು ಪಂಚಾಯಿತಿಯ ಗ್ರಂಥಾಲಯವನ್ನು ಅವಳು ನೋಡಿಕೊಳ್ಳುತ್ತಾಳೆ. ಮನೆ ಅಲ್ಲಿಂದ ನಾಲ್ಕು ಕಿಲೋಮೀಟರು. ತಾಯಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವಳೊಬ್ಬಳೇ. ತಂಗಿ ಶೃತಿಯನ್ನು ಆಲೂರಿಗೆ ಕೊಟ್ಟಿದೆ. ಭಾನುವಾರ ಫೋನ್ ಮಾಡುತ್ತಾಳೆ.

ಗ್ರಂಥಾಲಯ ಇರುವ ಪಂಚಾಯಿತಿ ಕಟ್ಟಡ ದಿಬ್ಬದ ಮೇಲಿದೆ. ರಸ್ತೆಯಿಂದ ಹತ್ತಲು ಒಂಬತ್ತು ಮೆಟ್ಟಿಲು. ಆರು ವರ್ಷ ವಾಣಿ ಆ ಮೆಟ್ಟಿಲುಗಳನ್ನು ನೀರು ಬಿಡುವ ಗುಂಡಯ್ಯನ ಹೆಗಲು ಹಿಡಿದು ಹತ್ತಿದಳು. ಗುಂಡಯ್ಯ ಒಳ್ಳೆಯವನು. ಆದರೆ ಕೆಲವು ದಿನ ಅವನು ಪೈಪು ಒಡೆದ ಕಡೆ ಹೋಗಿರುತ್ತಿದ್ದ. ಆಗ ವಾಣಿ ಕೆಳಗೆ ಸ್ಕೂಟರಿನ ಮೇಲೆ ಕೂತು, ಯಾರಾದರೂ ಕೆಲಸದ ಮೇಲೆ ಪಂಚಾಯಿತಿಗೆ ಬರುವುದನ್ನು ಕಾಯುತ್ತಿದ್ದಳು. ಬಂದವರು ಕೈ ಹಿಡಿದು ಹತ್ತಿಸಿ, ಮೇಲೆ ತಲುಪಿದ ಮೇಲೆ ಒಂದು ಕ್ಷಣ ನಿಂತು ನೋಡಿ ಹೋಗುತ್ತಿದ್ದರು.

ಮೂರು ವರ್ಷದ ಹಿಂದೆ ಪಂಚಾಯಿತಿಯವರು ಕಟ್ಟಡದ ಹಿಂಬದಿಯಿಂದ ಇಳಿಜಾರು ದಾರಿ ಮಾಡಿಸಿದರು. ದಾರಿ ಮುಗಿಯುವಲ್ಲಿ, ಜಗಲಿಯ ಮಟ್ಟಕ್ಕೆ, ಹನ್ನೆರಡು ಅಡಿ ಅಗಲ ಇಪ್ಪತ್ತು ಅಡಿ ಉದ್ದದ ಕಾಂಕ್ರೀಟು ಹಾಕಿ, ನಡುವೆ ಗಾಲಿಕುರ್ಚಿಯ ಚಿತ್ರ ಬರೆಸಿದರು. ಅಂಗವಿಕಲರ ವಾಹನ ನಿಲ್ಲಿಸುವ ಜಾಗ. ಆ ಪಂಚಾಯಿತಿಯಲ್ಲಿ ಅಂಥ ವಾಹನ ಇದ್ದದ್ದು ಒಂದೇ. ವಾಣಿ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಬಂದು ಅಲ್ಲಿ ಗಾಡಿ ನಿಲ್ಲಿಸಿ, ಊರುಗೋಲಿನಲ್ಲಿ ಹದಿನಾಲ್ಕು ಹೆಜ್ಜೆ ಹಾಕಿದರೆ ಗ್ರಂಥಾಲಯದ ಬಾಗಿಲು. ಯಾರನ್ನೂ ಕರೆಯಬೇಕಿರಲಿಲ್ಲ.

ಮೊನ್ನೆಯ ಸುಗ್ಗಿಯಲ್ಲಿ ಮಳೆ ಹೋಗಲೇ ಇಲ್ಲ. ಡಿಸೆಂಬರ್ ಕಳೆದರೂ ಎರಡು ದಿನ ಬಿಸಿಲು, ಮೂರು ದಿನ ಮೋಡ. ಸಣ್ಣ ಹಿಡುವಳಿಯವರ ಮಣ್ಣಿನ ಕಣಗಳು ಒಣಗದೆ, ಹರವಿದ ಕಾಫಿ ಹಣ್ಣಿಗೆ ಬೂಷ್ಟು ಹಿಡಿಯತೊಡಗಿತು. ಜನವರಿಯ ಒಂದು ಸೋಮವಾರ ವಾಣಿ ಇಳಿಜಾರು ಹತ್ತಿ ಬಂದಾಗ ಕಾಂಕ್ರೀಟಿನ ಮೇಲೆ ಅಂಚಿನಿಂದ ಅಂಚಿಗೆ ಕಾಫಿ ಹರವಿತ್ತು. ಗಾಲಿಕುರ್ಚಿಯ ಚಿತ್ರ ಎಲ್ಲೂ ಕಾಣಲಿಲ್ಲ. ಪಕ್ಕದಲ್ಲಿ ಛತ್ರಿ ಬಿಚ್ಚಿಕೊಂಡು ಮೀನಾಕ್ಷಮ್ಮ ಕೂತಿದ್ದಳು. ಎರಡು ಎಕರೆ ತೋಟದ ವಿಧವೆ, ಅರವತ್ತೈದರ ಆಸುಪಾಸು.

"ಬಂದಾ ಮಗಾ. ಪಂಚಾಯ್ತಿ ಕಣ ಖಾಲಿ ಬಿದ್ದೈತಲ್ಲ ಅಂತ ನಿನ್ನೆ ತಂದು ಹಾಕ್ದೆ. ಆರೇ ಮೂಟೆ ಕಣೆ" ಎಂದಳು.

"ಇದು ಗಾಡಿ ನಿಲ್ಸೋ ಜಾಗ ದೊಡ್ಡಮ್ಮ."

"ಗೊತ್ತು ಕಣೆ. ನಿನ್ ಗಾಡಿಗೆ ದಾರಿ ಬಿಡ್ತೀನಿ ಇರು."

ಮೀನಾಕ್ಷಮ್ಮ ಎದ್ದು, ಚಪ್ಪಲಿ ಅಂಚಿನಲ್ಲಿ ಬಿಟ್ಟು, ಬರಿಗಾಲಿನಲ್ಲಿ ಕಾಫಿಯ ಮೇಲೆ ಹೋದಳು. ಸ್ಕೂಟರನ್ನು ಒಮ್ಮೆ ನೋಡಿ, ಕಾಲಿನಿಂದ ಹಣ್ಣು ಸರಿಸುತ್ತ ಉದ್ದಕ್ಕೆ ಮೂರು ಗೆರೆ ಎಳೆದಳು. ನಡುವಿನ ಚಕ್ರಗಳಿಗೆ ಒಂದು, ಪಕ್ಕದವಕ್ಕೆ ಎರಡು. ಒಂದೊಂದು ಗೇಣಗಲ. ಗೆರೆಗಳು ನೇರವಾಗಿದ್ದವು.

"ಹೂಂ, ಓಡ್ಸು."

ವಾಣಿಗೆ ನಗು ಬಂತು. "ಓಡಿಸ್ತೀನಿ. ಇಳಿದ ಮೇಲೆ ಕಾಲು ಎಲ್ಲಿಡ್ಲಿ?"

ಮೀನಾಕ್ಷಮ್ಮ ಬೂಟಿನ ಕಡೆ ನೋಡಿದಳು. ಆಮೇಲೆ ತನ್ನ ಗೆರೆಗಳ ಕಡೆ ನೋಡಿದಳು.

ಆ ಸೀಮೆಯಲ್ಲಿ ಬೆಳೆ ಹರವಿದ ಮೇಲೆ ಅದು ಮಣ್ಣಾಗಿರಲಿ, ಸಿಮೆಂಟಾಗಿರಲಿ, ಕಣ. ಕಣವನ್ನು ಮೆಟ್ಟು ಹಾಕಿಕೊಂಡು ತುಳಿಯುವುದಿಲ್ಲ. ಎಸ್ಟೇಟಿನ ಧಣಿಯೂ ಕಣದ ಅಂಚಿನಲ್ಲಿ ಬೂಟು ಬಿಚ್ಚುತ್ತಾನೆ. ಪಂಚಾಯಿತಿಗೆ ಆ ಕಡೆಯಿಂದ ಬಂದವರು ಚಪ್ಪಲಿ ಕೈಯಲ್ಲಿ ಹಿಡಿದು ಕಾಫಿ ದಾಟಿ ಹೋದರು. ವಾಣಿಯ ಬೂಟು ಬಿಚ್ಚಲು ಬರುವುದಿಲ್ಲ. ತುಳಿದು ಹೋಗು ಎಂದು ಯಾರೂ ಹೇಳಲಿಲ್ಲ, ತುಳಿಯಬೇಡ ಎಂದೂ ಹೇಳಲಿಲ್ಲ. ಅವಳೇ ಗಾಡಿ ಹಿಂದಕ್ಕೆ ಬಿಟ್ಟು, ರಸ್ತೆಗೆ ಇಳಿದು, ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ ಗುಂಡಯ್ಯನಿಗೆ ಫೋನ್ ಮಾಡಿದಳು.

"ಏನ್ ಮೇಡಂ, ಹಳೇ ನೆಂಟಸ್ತಿಕೆ ಮತ್ತೆ ಸುರುವಾಯ್ತಾ" ಎನ್ನುತ್ತ ಗುಂಡಯ್ಯ ಬಂದ.

ಒಂದು ವಾರ ಹೀಗೇ ನಡೆಯಿತು. ವಾಣಿ ಆ ವಾರದ ಬಗ್ಗೆ ಎರಡು ರೀತಿ ಹೇಳುತ್ತಾಳೆ. ಮೆಟ್ಟಿಲು ಹತ್ತುವಾಗ ಗುಂಡಯ್ಯನ ಕೈ ಕಂಕುಳಲ್ಲಿ ಬಂದರೆ ಮೈ ಹಿಡಿಯಾಗುತ್ತಿತ್ತು. ಮೇಲೆ ಹೋಗಿ ಗ್ರಂಥಾಲಯದ ಕಿಟಕಿ ತೆಗೆದರೆ ಕಾಂಕ್ರೀಟಿನ ಅಂಚಿನಲ್ಲಿ ಮೀನಾಕ್ಷಮ್ಮ. ಗ್ರಂಥಾಲಯಕ್ಕೆ ಬೆಳಿಗ್ಗೆ ಪೇಪರು ಓದಲು ಇಬ್ಬರು ಬರುತ್ತಾರೆ, ಶಾಲೆ ಬಿಟ್ಟ ಮೇಲೆ ಮಕ್ಕಳು. ನಡುವಿನ ಐದು ಗಂಟೆ ಯಾರೂ ಇರುವುದಿಲ್ಲ. ಆ ವಾರ ಮಾತ್ರ ಆ ಐದು ಗಂಟೆ ಕಿಟಕಿಯಾಚೆ ಮಾತು ನಿಲ್ಲಲಿಲ್ಲ. ಸೊಸೆ ಮಾಡುವ ಸಾರು, ಆನೆ ಮುರಿದ ಬೇಲಿ, ಪಕ್ಕದ ಎಸ್ಟೇಟಿನ ಕೂಲಿ ಲೈನಿನ ಹೆಂಗಸು ಮೂರನೇ ಸಲ ಕೊಂಡ ಮೊಬೈಲು. ಹನ್ನೊಂದಕ್ಕೆ ಮೀನಾಕ್ಷಮ್ಮ ಫ್ಲಾಸ್ಕಿನ ಕಾಫಿಯಲ್ಲಿ ಅರ್ಧ ಲೋಟ ಕಿಟಕಿಯ ಸರಳಿನೊಳಗಿಂದ ಕೊಡುತ್ತಿದ್ದಳು. ಇನ್ನೊಬ್ಬರು ಮಾಡಿದ ಕಾಫಿಯನ್ನು ವಾಣಿ ದಿನವೂ ಕುಡಿದದ್ದು ತಾಯಿ ಹೋದ ಮೇಲೆ ಅದೇ ಮೊದಲು.

ಎರಡನೇ ಸೋಮವಾರ ನಾಲ್ಕನೇ ಮೆಟ್ಟಿಲಿನ ಮೇಲೆ ಇಬ್ಬನಿ ಇತ್ತು. ಊರುಗೋಲು ಜಾರಿತು. ಗುಂಡಯ್ಯ ಹಿಡಿದುಕೊಂಡದ್ದರಿಂದ ಪೆಟ್ಟಾಗಲಿಲ್ಲ. ಆದರೆ ಅವನು ಅವಳನ್ನು ಹಾಗೇ ಎತ್ತಿಕೊಂಡು, ಉಳಿದ ಐದು ಮೆಟ್ಟಿಲು ಹತ್ತಿ, ಜಗಲಿಯ ಮೇಲೆ ಕೂರಿಸಿದ. ಅಂದು ಪಂಚಾಯಿತಿಯಲ್ಲಿ ಸಭೆ. ಜಗಲಿಯಲ್ಲಿ ಹನ್ನೆರಡು ಜನ ಇದ್ದರು. ಎಲ್ಲರೂ ಸರಿದು ಜಾಗ ಮಾಡಿಕೊಟ್ಟರು.

ಅದೇ ದಿನ ಗುಂಡಯ್ಯನ ಬಾಯಲ್ಲಿ ಇನ್ನೊಂದು ಸುದ್ದಿ ಬಂತು. ಮೀನಾಕ್ಷಮ್ಮನದು ಎತ್ತಿದ ಮೇಲೆ ಕುಳ್ಳಯ್ಯನ ಕಾಫಿ ಬರುತ್ತದೆ. ಅದಾದ ಮೇಲೆ ಬೇರೆ ಇಬ್ಬರದು, ಆಮೇಲೆ ಮೆಣಸು. ಸರದಿ ಮಾರ್ಚ್ ತನಕ ಇದೆ.

ವಾಣಿ ಅರ್ಜಿ ಬರೆದುಕೊಂಡು ಪಿಡಿಒ ಸಂಜಯ್ ಬಳಿ ಹೋದಳು. ಸಂಜಯ್ ಈ ಕಡೆಗೆ ಬಂದು ಎಂಟು ತಿಂಗಳಾಗಿತ್ತು. ಅರ್ಜಿ ಓದಿ, ಪೆನ್ನು ತಿರುಗಿಸುತ್ತ ಕೂತ.

"ಮೇಡಂ, ನೀವು ಹೇಳೋದು ಸರಿ. ಆದರೆ ಕುಳ್ಳಯ್ಯ ನಿನ್ನೆ ನನ್ನನ್ನ ಏನು ಕೇಳಿದ ಗೊತ್ತಾ? ಆ ಜಾಗ ಅಂಗವಿಕಲರ ವಾಹನಕ್ಕೆ ಅಂತ ಐತೆ, ಆ ಯಮ್ಮನ ಗಾಡಿ ದಾಖಲೇಲಿ ಹಂಗೈತಾ ಅಂತ."

ಇರಲಿಲ್ಲ. ವಾಣಿಯ ಲೈಸೆನ್ಸ್ ಸರಿಯಾಗಿತ್ತು. ಗಾಡಿಯ ಆರ್.ಸಿ.ಯಲ್ಲಿ ಮಾತ್ರ ಅದು ಮಾಮೂಲಿ ಸ್ಕೂಟರು. ಚಕ್ರ ಕೂರಿಸಿದ ಗ್ಯಾರೇಜಿನವನು ಅದೆಲ್ಲ ಬೇಕಾಗಿಲ್ಲ ಎಂದಿದ್ದ. ಬೇಕಾಗಿರಲೂ ಇಲ್ಲ. ಒಂಬತ್ತು ವರ್ಷದಲ್ಲಿ ಒಬ್ಬ ಪೊಲೀಸನೂ ಅವಳನ್ನು ನಿಲ್ಲಿಸಿರಲಿಲ್ಲ. ಆನೇಮಹಲಿನ ಬಳಿ ಹೆದ್ದಾರಿಯಲ್ಲಿ ಎಲ್ಲರನ್ನೂ ತಡೆದು ಕಾಗದ ನೋಡುವಾಗಲೂ, ಊರುಗೋಲು ಕಂಡ ಕೂಡಲೇ ಹೋಗಿ ಎಂದು ಕೈ ಬೀಸುತ್ತಿದ್ದರು.

"ಒಂದು ಕಾಗದ ತಂದುಬಿಡಿ. ಬೋರ್ಡು ನಾನೇ ಹಾಕಿಸ್ತೀನಿ" ಎಂದ ಸಂಜಯ್.

ಬುಧವಾರ ರಜೆ ಹಾಕಿ ವಾಣಿ ಸಕಲೇಶಪುರಕ್ಕೆ ಹೋದಳು. ಸಾರಿಗೆ ಕಚೇರಿಯಲ್ಲಿ ಇನ್‌ಸ್ಪೆಕ್ಟರು ಗಾಡಿ ನಿಂತಲ್ಲಿಗೇ ಬಂದರು. ಐವತ್ತು ದಾಟಿದ ಮನುಷ್ಯ, ನಗಲಿಲ್ಲ. ಪಕ್ಕದ ಚಕ್ರಗಳ ಬೆಸುಗೆ ನೋಡಿದರು. ಬ್ರೇಕು ಹಿಡಿಸಿದರು. ಅಂಗಳದಲ್ಲಿ ಒಂದು ಸುತ್ತು ಹೊಡೆಸಿದರು. ಗ್ಯಾರೇಜಿನ ರಸೀದಿ, ಅಂಗವೈಕಲ್ಯ ಪ್ರಮಾಣಪತ್ರ, ವಿಮೆ ಕೇಳಿದರು.

"ಒಂಬತ್ತು ವರ್ಷ ಹೀಗೇ ಓಡಿಸಿದ್ದೀರಾ?"

"ಯಾರೂ ಕೇಳ್ಲಿಲ್ಲ ಸರ್."

"ಕೇಳಲಿಲ್ಲ ಅಂದ್ರೆ ತಪ್ಪು ಸರಿಯಾಗುತ್ತಾ? ಹಿಂದಿನ ಲೈಟು ಉರೀತಿಲ್ಲ. ಹಾಕಿಸಿಕೊಂಡು ನಾಳೆ ಬನ್ನಿ."

ವಾಣಿ ಅಂದೇ ಲೈಟು ಹಾಕಿಸಿ ಮರುದಿನ ಮತ್ತೆ ಅಷ್ಟು ದೂರ ಹೋದಳು. ಎಲ್ಲರಿಗೂ ಬೈಯುವಂತೆ ತನಗೂ ಬೈದದ್ದು ಚೆನ್ನಾಗಿತ್ತು ಎಂದು ಅವಳು ಈಗಲೂ ಹೇಳುತ್ತಾಳೆ. ನಂಬರ್ ಬದಲಾಗುತ್ತದೆಯೇ ಎಂದು ಕೇಳಿದಳು. ಅದೇ ನಂಬರ್, ಅದೇ ಪ್ಲೇಟು, ದಾಖಲೆಯಲ್ಲಿ ಮಾತ್ರ ವಾಹನದ ಬಗೆ ಬೇರೆ ಎಂದರು. ಹೊಸ ಆರ್.ಸಿ. ಬರುವ ತನಕ ಇಟ್ಟುಕೊಳ್ಳಲು ಒಂದು ಕಾಗದ ಕೊಟ್ಟರು.

ಶುಕ್ರವಾರ ಬೆಳಿಗ್ಗೆ ಆ ಕಾಗದವನ್ನು ಅವಳು ಸಂಜಯ್‌ಗೆ ಕೊಡುವ ಮೊದಲು ಕಿಟಕಿ ತೆಗೆದು ಮೀನಾಕ್ಷಮ್ಮನಿಗೆ ತೋರಿಸಿದಳು. ಮೀನಾಕ್ಷಮ್ಮನಿಗೆ ಓದಲು ಬರುವುದಿಲ್ಲ. ಕಾಗದದ ಮೇಲಿನ ಸೀಲು ನೋಡಿದಳು.

"ಅಂದ್ರೆ ನಾನ್ ಎತ್ಬೇಕು."

"ನೀನಂತಲ್ಲ ದೊಡ್ಡಮ್ಮ. ನಿನ್ನ ಹಿಂದೆ ನಾಕು ಜನ ಅವ್ರೆ."

ಮೀನಾಕ್ಷಮ್ಮ ಬಗ್ಗಿ ಒಂದು ಹಿಡಿ ಕಾಫಿ ತೆಗೆದು, ಮುಷ್ಟಿ ಮುಚ್ಚಿ, ಸರಳಿನ ಹತ್ತಿರ ತಂದು ಅಲ್ಲಾಡಿಸಿದಳು. ಪೂರ್ತಿ ಒಣಗಿದ ಕಾಫಿ ಸಿಪ್ಪೆಯೊಳಗೆ ಗಲಗಲ ಎನ್ನಬೇಕು. ಇದರಲ್ಲಿ ಕೆಲವು ಕಾಳು ಎನ್ನುತ್ತಿದ್ದವು, ಕೆಲವು ಇಲ್ಲ.

"ಇನ್ನೆರಡು ಬಿಸ್ಲು ಬೇಕು ಕಣೆ. ಈಗೆತ್ತಿದ್ರೆ ಕೆಟ್ಟೋಗ್ಬುಡ್ತದೆ."

ವಾಣಿ ಕಾಗದ ಮಡಚಿ ಬ್ಯಾಗಿನೊಳಗಿಟ್ಟಳು. ಶುಕ್ರವಾರ, ಶನಿವಾರ ಒಳ್ಳೆ ಬಿಸಿಲು ಬಿತ್ತು. ಆ ಎರಡು ದಿನವೂ ಗುಂಡಯ್ಯನ ಹೆಗಲು ಹಿಡಿದೇ ಹತ್ತಿ ಇಳಿದಳು. ಶನಿವಾರ ಸಂಜೆ ಮೀನಾಕ್ಷಮ್ಮ ಕಾಫಿ ಮೂಟೆಗೆ ತುಂಬಿ, ಕಾಂಕ್ರೀಟನ್ನು ಪೊರಕೆಯಲ್ಲಿ ಎರಡು ಸಲ ಗುಡಿಸಿದಳು. ವಾಣಿ ಆಮೇಲೆ ಸಂಜಯ್ ಕೋಣೆಗೆ ಹೋಗಿ ಕಾಗದ ಕೊಟ್ಟಳು.

ಸೋಮವಾರ ಕುಳ್ಳಯ್ಯ ಪಿಕಪ್ಪಿನಲ್ಲಿ ಎಂಟು ಮೂಟೆ ಹೇರಿಕೊಂಡು ಬಂದಾಗ ಅಲ್ಲಿ ಹೊಸ ಬೋರ್ಡು ಇತ್ತು, ಅದರ ಮುಂದೆ ವಾಣಿಯ ಸ್ಕೂಟರು. ಇಳಿಜಾರಿನಲ್ಲೇ ನಿಂತು ಅವನು ಕಿಟಕಿಗೆ ಕೇಳುವಂತೆ ಹೇಳಿದ.

"ಒಂದ್ ಗಾಡಿಗೆ ಇಷ್ಟ್ ಜಾಗ. ನಮ್ ಕಾಫಿಗೆ ಅಂಗೈಯಗಲ ಇಲ್ಲ. ಮೀನಾಕ್ಷಮ್ಮಂದು ಒಣಗ್ತು, ನಮ್ದು ಕೊಳೀಲಿ ಬುಡಿ ಮೇಡಂ."

ವಾಣಿ ಕಿಟಕಿಗೆ ಬಂದಳು. "ಮೀನಾಕ್ಷಮ್ಮಂಗೂ ಬಿಡಬಾರದಿತ್ತು ಕುಳ್ಳಯ್ಯ. ಕಾಗದ ಸಿಕ್ಕ ಮೇಲೂ ಎರಡು ದಿನ ಬಿಟ್ಟೆ. ಅದು ನನ್ ತಪ್ಪು."

ಕುಳ್ಳಯ್ಯನಿಗೆ ಜಗಳಕ್ಕೆ ಅಷ್ಟು ಸಾಲಲಿಲ್ಲ. ಪಿಕಪ್ಪು ಹಿಂದಕ್ಕೆ ಹೋಯಿತು.

ಅಂದಿನಿಂದ ಆ ಜಾಗಕ್ಕೆ ಯಾರೂ ಏನೂ ತಂದು ಹಾಕಿಲ್ಲ. ನಡೆದು ಬರುವವರೂ ಅದನ್ನು ಬಿಟ್ಟು ಮೆಟ್ಟಿಲ ಕಡೆಯಿಂದ ಬರುತ್ತಾರೆ. ಗುಂಡಯ್ಯ ಬೆಳಿಗ್ಗೆ ಒಮ್ಮೆ ಇಣುಕಿ "ಏನಾರಾ ಬೇಕಿತ್ತಾ ಮೇಡಂ" ಎನ್ನುತ್ತಾನೆ. ಏನೂ ಬೇಕಿರುವುದಿಲ್ಲ. ಹನ್ನೊಂದು ಗಂಟೆಗೆ ವಾಣಿ ತಾನು ತಂದ ಫ್ಲಾಸ್ಕು ತೆಗೆಯುತ್ತಾಳೆ. ಕಿಟಕಿಯ ಒಂದು ಬಾಗಿಲನ್ನು ಮಾತ್ರ ತೆರೆದಿಡುತ್ತಾಳೆ, ಎರಡೂ ತೆರೆದರೆ ಗಾಳಿಗೆ ಪೇಪರು ಹಾರುತ್ತವೆ.

ಫೆಬ್ರವರಿಯ ಒಂದು ಭಾನುವಾರ, ತಂಗಿಯ ಫೋನ್ ಮುಗಿದ ಮೇಲೆ, ಅವಳು ಮೀನಾಕ್ಷಮ್ಮನ ಮನೆಗೆ ಹೋದಳು. ಆ ಮನೆಯೂ ದಿಣ್ಣೆಯ ಮೇಲೆ. ಕಲ್ಲಿನ ಏಳು ಮೆಟ್ಟಿಲು, ಹಿಡಿಕೆ ಇಲ್ಲ. ರಸ್ತೆಯಲ್ಲೇ ಗಾಡಿ ನಿಲ್ಲಿಸಿ ಹಾರನ್ ಮಾಡಿದಳು. ಮೀನಾಕ್ಷಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಜಗಲಿಗೆ ಬಂದಳು.

"ಅಯ್ಯೋ, ನೀನಾ. ಬಾ ಒಳಕ್ಕೆ."

ಅಂದವಳು ಮೆಟ್ಟಿಲ ಕಡೆ ನೋಡಿದಳು. ವಾಣಿಯೂ ನೋಡಿದಳು. ಮೀನಾಕ್ಷಮ್ಮ ಒಳಗೆ ಹೋಗಿ ಕಾಫಿ ಮಾಡಿ ತಂದು, ಇಳಿದು ಬಂದು ಲೋಟವನ್ನು ಅವಳ ಕೈಗೆ ಕೊಟ್ಟಳು. ಈ ಸಲ ಅದು ತುಂಬು ಲೋಟ. ತಾನು ಗಾಡಿಯ ಪಕ್ಕದಲ್ಲಿ ನಿಂತಳು.

"ಕೂತ್ಕೊ ಅನ್ನಾಕೂ ಆಗಲ್ಲ. ನೀನು ಕೂತೇ ಇದ್ದೀಯಲ್ಲೇ ಮಾರಾಯ್ತಿ" ಎಂದು ನಕ್ಕಳು.

ವಾಣಿಯೂ ನಕ್ಕಳು. ಸೊಸೆಯ ಸಾರಿನ ಬಗ್ಗೆ ಕೇಳಿದಳು. ಮೊದಲಿನಂತೇ ಇದೆ ಎಂದಳು ಮೀನಾಕ್ಷಮ್ಮ. ಕಾಫಿಗೆ ಒಳ್ಳೆ ಬೆಲೆ ಬಂತಂತೆ. ಆಮೇಲೆ ಒಳಗಿನಿಂದ ಯಾರೋ ಕರೆದರು. "ಇರು ಬಂದೆ" ಎಂದು ಮೀನಾಕ್ಷಮ್ಮ ಮೆಟ್ಟಿಲು ಹತ್ತಿದಳು.

ವಾಣಿ ಲೋಟ ಖಾಲಿಯಾಗುವ ತನಕ ಕಾದಳು, ಆಮೇಲೂ ಸ್ವಲ್ಪ ಹೊತ್ತು ಕಾದಳು. ಲೋಟವನ್ನು ಕೈಗೆಟುಕುವ ಒಂದನೇ ಮೆಟ್ಟಿಲಿನ ಮೇಲೆ ಇಟ್ಟು, ಗಾಡಿ ಸ್ಟಾರ್ಟ್ ಮಾಡಿದಳು.