ತಮ್ಮನಿಗಾಗಿ ಓದಿದ ಕಾನೂನು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗ. ಅಲ್ಲಿ ಅವಳ ಕೆಲಸ. ಡ್ರಮ್ಮಿನಿಂದ ಹೊರಬಿದ್ದ ಬೆಡ್‌ಶೀಟುಗಳನ್ನು ಇನ್ನೊಬ್ಬಳ ಜೊತೆ ಸೇರಿ ಎಳೆದು, ಕೊಡವಿ, ಇಸ್ತ್ರಿಯ ರೋಲರಿನ ಬಾಯಿಗೆ ಕೊಡಬೇಕು. ಬೆಳಗಿನ ಪಾಳಿ ಮುಗಿಯುವ ಹೊತ್ತಿಗೆ ಹಬೆಗೆ ಬೆಂದು ಅಂಗೈಗಳು ಸುಕ್ಕುಗಟ್ಟಿರುತ್ತಿದ್ದವು. ಅದೇ ಕೈಯಲ್ಲಿ ಚೀಲ ಹಿಡಿದು ನೇರ ಲಾ ಕಾಲೇಜಿಗೆ ಹೋಗುವಳು. ತರಗತಿಯಲ್ಲಿ ಎಲ್ಲರೂ ಇಪ್ಪತ್ತರ ಆಸುಪಾಸಿನವರು, ಇವಳು ನಲವತ್ತಕ್ಕೆ ಹತ್ತಿರದವಳು. ಮೊದಲ ದಿನವೇ ಯಾರೋ ದೊಡ್ಡಕ್ಕ ಎಂದು ಕರೆದರು, ಅದೇ ಹೆಸರಾಗಿ ನಿಂತಿತು.

ವಕೀಲಳಾಗಿ ಮೆರೆಯುವ ಆಸೆಯೇನೂ ಅವಳಿಗಿರಲಿಲ್ಲ. ತಮ್ಮ ಜೈಲಿನಲ್ಲಿದ್ದ. ಔಷಧಿ ಗೋದಾಮಿನಲ್ಲಿ ದಾಸ್ತಾನು ನೋಡಿಕೊಳ್ಳುತ್ತಿದ್ದವನು. ಒಂದು ಬೆಳಿಗ್ಗೆ ಪೆಟ್ಟಿಗೆಗಳು ಮಾಯವಾಗಿದ್ದವು, ಬೀಗ ಮಾತ್ರ ಮುರಿದಿರಲಿಲ್ಲ. ಕೀಲಿ ಇವನ ಬಳಿ ಇತ್ತು. ಇನ್ನೊಂದು ಕೀಲಿ ಮಾಲೀಕನ ಅಳಿಯನ ಬಳಿಯೂ ಇದೆ ಎಂದು ಅವನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾಲು ಸಿಕ್ಕಿಲ್ಲ, ಹೊರಗೆ ಬಿಟ್ಟರೆ ಸಾಕ್ಷಿಗಳನ್ನು ಕೆಡಿಸುತ್ತಾನೆ ಎಂದು ಜಾಮೀನನ್ನೂ ಕೊಡಲಿಲ್ಲ. ಸರ್ಕಾರದ ವತಿಯಿಂದ ಕೊಟ್ಟ ವಕೀಲರು ಕೆಟ್ಟವರೇನಲ್ಲ, ಆದರೆ ಅವರ ಕಂಕುಳಲ್ಲಿ ಇಂಥವರ ಕೇಸಿನ ಕಟ್ಟುಗಳೇ ತುಂಬಿದ್ದವು. ಪ್ರತಿ ಸಲವೂ ಕೋರ್ಟಿನ ಮೊಗಸಾಲೆಯಲ್ಲಿ ಇವಳ ಮುಖ ನೋಡಿ, ನಿಮ್ಮದು ಯಾವ ಕೇಸಮ್ಮಾ ಎಂದು ಕೇಳುತ್ತಿದ್ದರು. ಹೀಗೆ ಕೇಳಿಸಿಕೊಂಡು ಸಾಕಾದ ಒಂದು ದಿನ ಅವಳು ತನ್ನ ಹಳೆಯ ಬಿ.ಎ. ಪದವಿ ಪತ್ರದ ಧೂಳು ಕೊಡವಿ ಕಾಲೇಜಿಗೆ ಸೇರಿಬಿಟ್ಟಳು.

ಮಗಳು ಕಾನೂನು ಓದಲು ಹೋದಳೆಂದರೆ ಮಗ ಇನ್ನೇನು ಬಂದೇಬಿಟ್ಟ ಎಂದು ಅಮ್ಮ ತಿಳಿದಿದ್ದಳು. ಸಂಜೆ ಇವಳು ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಪ್ರಶ್ನೆ ಬರುತ್ತಿತ್ತು.

"ಇವತ್ತು ಬಿಡಿಸೋದು ಹೇಳ್ಕೊಟ್ರೇನೇ?"

"ಇವತ್ತು ಕರಾರು ಹೇಳ್ಕೊಟ್ರು ಅಮ್ಮ."

"ಕರಾರು ಕಟ್ಕೊಂಡು ನಮಗೇನು? ಬಿಡಿಸೋದು ಯಾವಾಗಂತೆ?"

ಅದನ್ನೇ ಅವಳೂ ತನ್ನೊಳಗೆ ಕೇಳಿಕೊಳ್ಳುತ್ತಿದ್ದಳು. ಮೊದಲ ವರ್ಷ ಕರಾರಿನ ಕಾನೂನು, ಕುಟುಂಬದ ಕಾನೂನು, ಸಂವಿಧಾನ, ನಷ್ಟ ಪರಿಹಾರದ ಕಾನೂನು. ಒಬ್ಬ ಕುದುರೆ ಮಾರುತ್ತೇನೆಂದ, ಇನ್ನೊಬ್ಬ ಒಪ್ಪಿದೆನೆಂದು ಟಪಾಲು ಹಾಕಿದ, ಟಪಾಲು ತಲುಪುವ ಮೊದಲೇ ಕುದುರೆ ಸತ್ತಿತು, ಈಗ ಹೊಣೆ ಯಾರದು? ಉಳಿದವರು ಉತ್ಸಾಹದಿಂದ ಜಗಳಕ್ಕೆ ನಿಲ್ಲುತ್ತಿದ್ದರೆ ಅವಳಿಗೆ ರೇಗುತ್ತಿತ್ತು. ಅಲ್ಲಿ ಮನುಷ್ಯ ಕೊಳೆಯುತ್ತಿದ್ದಾನೆ, ಇಲ್ಲಿ ಸತ್ತ ಕುದುರೆಯ ಪಂಚಾಯಿತಿ. ಆದರೂ ಪ್ರತಿಯೊಂದು ಪಾಠದಲ್ಲೂ ಅವಳು ತಮ್ಮನಿಗೊಂದು ಬಾಗಿಲು ಹುಡುಕುವಳು. ಒಬ್ಬನನ್ನು ಅನ್ಯಾಯವಾಗಿ ಕೂಡಿಹಾಕಿದರೆ ಪರಿಹಾರ ಕೇಳಬಹುದು ಎಂಬ ಪಾಠ ಬಂದ ದಿನ ಅವಳು ಪ್ರತಿ ಪದವನ್ನೂ ಬರೆದುಕೊಂಡಳು. ಕ್ಲಾಸು ಮುಗಿಯುತ್ತಲೇ ಮೇಷ್ಟ್ರ ಹಿಂದೆ ಓಡಿದಳು. ನ್ಯಾಯಾಧೀಶರ ಆದೇಶದ ಮೇಲೆ ಒಳಗಿದ್ದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ ಎಂದು ಅವರು ಮೆಟ್ಟಿಲಿಳಿಯುತ್ತಲೇ ಹೇಳಿ ಹೋದರು. ಕ್ರಿಮಿನಲ್ ವಿಚಾರಣೆಯ ವಿಧಿವಿಧಾನ ಎರಡನೇ ವರ್ಷಕ್ಕಿತ್ತು. ಆ ಪುಸ್ತಕ ತಂದು ತಾನೇ ಓದಲು ನೋಡಿದಳು, ಒಂದು ಸಾಲು ಇನ್ನೊಂದು ಸಾಲಿನತ್ತ ಬೆರಳು ತೋರಿಸಿ, ಅದು ಮತ್ತೊಂದರತ್ತ ತೋರಿಸಿ, ಗೊತ್ತಿಲ್ಲದ ಮನೆಯಲ್ಲಿ ಕತ್ತಲಲ್ಲಿ ತಡವರಿಸಿದಂತಾಯಿತು.

ಭೇಟಿಯ ದಿನ ತಂತಿಬಲೆಯ ಈಚೆ ನಿಂತು ಸಂವಿಧಾನದ ಪಾಠವನ್ನು ತಮ್ಮನಿಗೆ ಹೇಳಿದಳು. ಯಾವ ಮನುಷ್ಯನ ಸ್ವಾತಂತ್ರ್ಯವನ್ನೂ ಕಾನೂನಿನ ದಾರಿ ಬಿಟ್ಟು ಕಸಿಯುವಂತಿಲ್ಲ ಎಂದಳು. ಅವನು ನಕ್ಕ. "ಅಕ್ಕ, ಇದನ್ನ ಇಲ್ಲಿನ ವಾರ್ಡರ್‌ಗೆ ಸ್ವಲ್ಪ ಹೇಳಿ ಹೋಗು. ಅವನಿಗಿನ್ನೂ ಆ ಪಾಠ ಆಗಿಲ್ಲ." ಆಗಿನ್ನೂ ಅವನಲ್ಲಿ ನಗು ಉಳಿದಿತ್ತು.

ವರ್ಷದ ಕೊನೆಗೆ ಕಾಲೇಜಿನಲ್ಲಿ ಅಣಕು ನ್ಯಾಯಾಲಯ ಏರ್ಪಟ್ಟಿತು. ಮೇಷ್ಟ್ರುಗಳೇ ನ್ಯಾಯಾಧೀಶರು, ವಿದ್ಯಾರ್ಥಿಗಳೇ ವಕೀಲರು, ಕಟ್ಟಿದ ಕಥೆಯೇ ಕೇಸು. ಆ ಸಲದ ಕಥೆಯನ್ನು ಅವಳು ಎರಡು ಸಲ ಓದಿದಳು. ಒಂದು ಅಂಗಡಿ, ನಂಬಿಕೆಯ ನೌಕರ, ಮುರಿಯದ ಬೀಗ. ಚೀಟಿ ಎತ್ತಿದಾಗ ಅವಳ ಪಾಲಿಗೆ ಬಂದದ್ದು ಸರ್ಕಾರದ ಕಡೆಯ ವಾದ, ನೌಕರನೇ ಕಳ್ಳ ಎಂದು ಸಾಧಿಸಬೇಕು. ಬದಲಾಯಿಸಿಕೊಡಿ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಎದುರಾಳಿಯ ಕೈಯಲ್ಲಿರುವ ಕತ್ತಿ ಎಂಥದ್ದೆಂದು ತಿಳಿದರೆ ನಾಳೆ ತಪ್ಪಿಸಿಕೊಳ್ಳುವುದು ಸುಲಭ ಎಂದುಕೊಂಡಳು.

ಇಸ್ತ್ರಿಯ ರೋಲರಿನ ಮುಂದೆ ನಿಂತು ತುಟಿ ಅಲ್ಲಾಡಿಸುತ್ತ ವಾದ ಕಟ್ಟಿದಳು. ಆ ದಿನ ಎದ್ದು ನಿಂತವಳ ಮಾತಿನಲ್ಲಿ ಒಂದು ತೊದಲೂ ಇರಲಿಲ್ಲ. ಬೀಗ ಮುರಿದಿಲ್ಲ ಎಂದರೆ ಕೀಲಿಯಿಂದ ತೆಗೆದದ್ದು, ಕೀಲಿಯಿಂದ ತೆಗೆದದ್ದೆಂದರೆ ಕೀಲಿಯಿದ್ದವನು ತೆಗೆದದ್ದು, ಇನ್ನೊಂದು ಕೀಲಿ ಇತ್ತೆಂಬುದಕ್ಕೆ ಅವನ ಬಾಯಿಮಾತು ಬಿಟ್ಟರೆ ಏನಿದೆ? ನ್ಯಾಯಾಧೀಶರ ಕುರ್ಚಿಯಲ್ಲಿ ಕೂತಿದ್ದ ಸಾಕ್ಷ್ಯದ ಪಾಠದ ಮೇಷ್ಟ್ರು, ಇಡೀ ದಿನದಲ್ಲಿ ಒಳ್ಳೆಯ ವಾದ ಇದೇ ಎಂದರು. ಹುಡುಗಿಯರು ದೊಡ್ಡಕ್ಕನ ಕೈ ಕುಲುಕಿದರು. ಅವಳು ಮೊಗಸಾಲೆಯ ನಲ್ಲಿಯ ಬಳಿ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ನಿಂತಳು, ನಿಂತೇ ಇದ್ದಳು. ಗೆದ್ದದ್ದಕ್ಕೆ ನಾಚಿಕೆಯಾಗಿರಲಿಲ್ಲ. ಮಾತಾಡುತ್ತಿದ್ದಾಗ ತಾನೇ ಅದನ್ನು ನಂಬಿದ್ದಳು. ಆ ನಂಬಿಕೆ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

ಮುಂದಿನ ಭೇಟಿಯಲ್ಲಿ ಕೇಸಿನ ಮಾತೇ ಎತ್ತಬಾರದೆಂದು ಹೋಗಿದ್ದಳು. ಅಮ್ಮನ ಮಂಡಿನೋವು, ಪಕ್ಕದ ಮನೆಯವರು ಖಾಲಿ ಮಾಡಿದ್ದು, ಎಲ್ಲ ಹೇಳಿದ ಮೇಲೆ ಮಾತು ತಾನಾಗಿ ಜಾರಿತು.

"ಆ ಅಳಿಯನ ಹತ್ರ ಕೀಲಿ ಇದ್ದಿದ್ದು ನೀನು ಕಣ್ಣಾರೆ ನೋಡಿದ್ಯಾ? ನಿಜ ಹೇಳು."

ಅವನು ಬಲೆಗೆ ಸಿಕ್ಕಿಸಿದ್ದ ಬೆರಳುಗಳನ್ನು ಮೆಲ್ಲಗೆ ಬಿಡಿಸಿಕೊಂಡ. ಅವಳ ಮುಖವನ್ನು ಮೊದಲ ಸಲ ನೋಡುವವನಂತೆ ನೋಡಿದ. ನೋಡಿದ್ದೆ ಎಂದ, ಅಷ್ಟೇ. ಆಮೇಲೆ ಅವಳು ಎಷ್ಟು ಸಮಾಧಾನ ಹೇಳಿದರೂ, ಕೇಸಿಗೆ ಬೇಕೆಂದು ಕೇಳಿದೆ ಕಣೋ ಎಂದು ಎಷ್ಟು ಬಿಡಿಸಿ ಹೇಳಿದರೂ ಹೂಂಗುಟ್ಟಿದನೇ ಹೊರತು ಬಾಯಿ ಬಿಡಲಿಲ್ಲ.

ಅದಾದ ಕೆಲವು ವಾರಗಳಿಗೆ ವಿಚಾರಣೆ ಬಂತು. ಅವಳು ರಜೆ ಹಾಕಿ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ವಕೀಲರು ತಮ್ಮನ ಕಿವಿಯಲ್ಲಿ ಏನೋ ಹೇಳಿದರು, ಅವನು ತಲೆಯಾಡಿಸಿದ. ವಕೀಲರು ಎದ್ದು, ಆರೋಪಿ ತಪ್ಪೊಪ್ಪಿಕೊಳ್ಳಲು ಬಯಸುತ್ತಾನೆ ಎಂದರು. ತಪ್ಪು ಒಪ್ಪಿಕೊಂಡರೆ ಒಳಗಿದ್ದಷ್ಟು ಕಾಲವೇ ಶಿಕ್ಷೆಯೆಂದು ಲೆಕ್ಕವಾಗಿ ಮನೆಗೆ ಹೋಗಬಹುದು ಎಂಬ ದಾರಿಯೊಂದಿರುತ್ತದೆ, ಅದನ್ನು ಅವನು ಹಿಡಿದಿದ್ದ. ಕೋರ್ಟಿನಲ್ಲಿ ಯಾರು ಯಾವಾಗ ಮಾತಾಡಬಹುದೆಂದು ಅವಳು ಓದಿದ್ದಳು. ಅವರಲ್ಲಿ ಅಕ್ಕ ಎಂಬವಳು ಇರಲಿಲ್ಲ. ಆದರೂ ಎದ್ದು ನಿಂತಳು. ಜವಾನ ಬಂದು ಕೂತ್ಕೊಳ್ಳಮ್ಮ ಎಂದು ಗದರಿದ.

"ಒಪ್ಕೋತೀನಿ ಸ್ವಾಮಿ," ಎಂದ ತಮ್ಮ. ನ್ಯಾಯಾಧೀಶರು ತಲೆಯೆತ್ತದೆ ಬೆರಳಚ್ಚುಗಾರ್ತಿಗೆ ಹೇಳಿ ಬರೆಸಿದರು. ಮುಂದಿನ ಕೇಸು ಕೂಗಿದರು.

ಮನೆಗೆ ಬಂದ ಮಗನನ್ನು ಅಮ್ಮ ಎರಡೂ ಕೈಯಲ್ಲಿ ತಡವಿ ನೋಡಿದಳು, ಅವಳಿಗೆ ಮತ್ತೇನೂ ಬೇಕಿರಲಿಲ್ಲ. ಅಂತೂ ಓದಿದ್ದು ಸಾರ್ಥಕ ಆಯ್ತು ಎಂದು ಮಗಳ ತಲೆ ಸವರಿದಳು. ಮಗಳು ತಟ್ಟೆ ಸರಿಸಿ ಎದ್ದಳು. ತಮ್ಮ ಕೆಲಸ ಹುಡುಕಿಕೊಂಡು ಅಲೆದ. ಹೋದಲ್ಲೆಲ್ಲ ಮೊದಲು ನಗುಮುಖ, ವಿಚಾರಿಸಿದ ಮೇಲೆ ಮುಚ್ಚಿದ ಬಾಗಿಲು. ತಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಗಾಡಿ ತಳ್ಳುವ ಕೆಲಸಕ್ಕೆ ಅವಳು ಕೇಳಿ ನೋಡಿದಳು. ಕಳ್ಳತನ ಒಪ್ಪಿಕೊಂಡವನನ್ನು ಔಷಧಿ ಇರುವ ಜಾಗಕ್ಕೆ ಹೇಗಮ್ಮ ಬಿಟ್ಟುಕೊಳ್ಳೋದು ಎಂದರು ಮೇಲ್ವಿಚಾರಕರು. ಅವರದ್ದೂ ತಪ್ಪಿರಲಿಲ್ಲ.

ಅಕ್ಕನ ಜೊತೆ ಅವನು ಬೇಕಾದಷ್ಟೇ ಮಾತಾಡುತ್ತಿದ್ದ. ಕಾಲೇಜಿಗೆ ರಜೆಯಿದ್ದ ಒಂದು ಮಧ್ಯಾಹ್ನ ಹಿತ್ತಲ ಮೆಟ್ಟಿಲ ಮೇಲೆ ಕೂತವನ ಪಕ್ಕ ಹೋಗಿ ಅವಳೂ ಕೂತಳು. ಯಾಕೆ ಹೀಗೆ ಮಾಡಿದೆ ಎಂದು ಕೊನೆಗೂ ಕೇಳಿದಳು.

"ಕದ್ದಿಲ್ಲ ಅಕ್ಕ. ಆದ್ರೆ ನಿನಗೇ ಅನುಮಾನ ಬಂತಲ್ಲ, ಇನ್ನು ಆ ನ್ಯಾಯಾಧೀಶರಿಗೆ ನಾನು ಯಾರು?"

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಅವನು ಸುಮ್ಮನೆ, ನೀರು ಬಂದಿಲ್ಲ ಎನ್ನುವಂತೆ ಹೇಳಿದ. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ತಪ್ಪಾಯಿತು ಎಂದಳು. ಅವನು ಹೂಂ ಎಂದ.

ಕಾಲೇಜು ಬಿಟ್ಟುಬಿಡಬೇಕೆಂದು ಎಷ್ಟೋ ಸಲ ಅನ್ನಿಸಿತು. ಬಿಟ್ಟರೆ ಮಧ್ಯಾಹ್ನಗಳನ್ನು ಮನೆಯಲ್ಲಿ ಅವನ ಎದುರು ಕಳೆಯಬೇಕಲ್ಲ ಎಂಬ ಹೆದರಿಕೆಗೇ ಹೋಗುತ್ತಿದ್ದಳು. ಎರಡನೇ ವರ್ಷ ಕ್ರಿಮಿನಲ್ ವಿಚಾರಣೆಯ ಪಾಠ ಕೊನೆಗೂ ಶುರುವಾಯಿತು, ಬೇಕಾದಾಗ ಬಾರದೆ, ಎಲ್ಲ ಮುಗಿದ ಮೇಲೆ. ಬಂಧನ, ಜಾಮೀನು, ಆರೋಪ ಹೊರಿಸುವುದು. ಪಾಠ ಹೇಳುತ್ತಿದ್ದವರು ಅದೇ ಸಾಕ್ಷ್ಯದ ಮೇಷ್ಟ್ರು. ತಪ್ಪೊಪ್ಪಿಗೆಯ ಅಧ್ಯಾಯದಲ್ಲಿ ಅವರು, ಆರೋಪ ಏನೆಂದು ಆರೋಪಿಗೆ ಅರ್ಥವಾಗಿದೆಯೇ, ಯಾರ ಒತ್ತಾಯವೂ ಇಲ್ಲದೆ ಒಪ್ಪುತ್ತಿದ್ದಾನೆಯೇ ಎಂದು ನ್ಯಾಯಾಧೀಶರೇ ಕೇಳಿ ಖಚಿತ ಮಾಡಿಕೊಳ್ಳಬೇಕು ಎಂದರು. ಅವಳ ಪೆನ್ನು ನಿಂತಿತು. ಆ ದಿನ ಹಿಂದಿನ ಬೆಂಚಿನಲ್ಲಿ ಕೂತು ಅವಳು ಪ್ರತಿ ಮಾತೂ ಕೇಳಿದ್ದಳು. ಅಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಕ್ಲಾಸು ಮುಗಿದ ಮೇಲೆ ಮೇಷ್ಟ್ರ ಕೋಣೆಗೆ ಹೋಗಿ ಆದದ್ದೆಲ್ಲ ಹೇಳಿದಳು, ಅಣಕು ನ್ಯಾಯಾಲಯದ ಮಾತನ್ನೂ ಬಿಡಲಿಲ್ಲ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ಕಷ್ಟ ಎಂದರು. ಮೇಲಿನ ಕೋರ್ಟಿಗೆ ಹೋಗಬಹುದು, ಅವಧಿ ಮೀರಿದೆ, ತಡವಾದದ್ದಕ್ಕೆ ಕಾರಣ ಕೊಡಬೇಕು, ಆ ಪ್ರಶ್ನೆಗಳನ್ನು ಕೇಳಿದ್ದೆವು ಎಂದು ಕೆಳಗಿನ ಕೋರ್ಟು ಬರೆದುಕೊಂಡಿದ್ದರೆ ಮುಗಿಯಿತು. ಒಂದು ವೇಳೆ ಗೆದ್ದರೂ ಕೇಸು ಮೊದಲಿಂದ ನಡೆಯುತ್ತದೆ. ನಿಮ್ಮ ತಮ್ಮ ಅದಕ್ಕೆ ಸಿದ್ಧನಿದ್ದಾನೆಯೇ ಎಂದು ಕೇಳಿದರು.

ಅವನು ಸಿದ್ಧನಿರಲಿಲ್ಲ. ಆ ಕಟ್ಟಡದ ಮೆಟ್ಟಿಲು ಇನ್ನು ಹತ್ತುವುದಿಲ್ಲ ಎಂದ. ಅವಳು ಬೇಡಿಕೊಂಡಳು. ಅವನು ಎದ್ದು ಹೊರಗೆ ಹೋದ. ಅಮ್ಮನಿಗೆ ರೇಗಿತು, ಬಂದವನನ್ನು ಮತ್ತೆ ಕಳಿಸೋಕೆ ನೋಡ್ತಿದ್ದೀಯಾ ಎಂದು ಮಗಳನ್ನು ಬೈದಳು. ಮನೆಯಲ್ಲಿ ಮೂವರೂ ಮೂರು ಕಡೆ ಮುಖ ಮಾಡಿಕೊಂಡು ದಿನ ದೂಡಿದರು. ಅವಳು ಮತ್ತೆ ಆ ಮಾತೆತ್ತಲಿಲ್ಲ. ಎತ್ತುವ ಹಕ್ಕು ತನಗಿದೆ ಎಂದೂ ಅನ್ನಿಸಲಿಲ್ಲ.

ಪರೀಕ್ಷೆಗಳ ಹೊತ್ತಿಗೆ ಅವನೇ ಬಂದು ಕೇಳಿದ, ನಿಮ್ಮ ಮೇಷ್ಟ್ರು ಎಂಥವರು ಎಂದು. ಕೇಳಿಸಿಕೊಳ್ಳುವವರು ಎಂದಳು. ಮರುದಿನ ಇಬ್ಬರೂ ಜೊತೆಯಾಗಿ ಕಾಲೇಜಿಗೆ ನಡೆದರು. ಮೇಷ್ಟ್ರ ಕೋಣೆಯ ಮುಂದೆ ಅವಳು ಬಾಗಿಲಿಗೆ ಕೈ ಹಾಕಿದಾಗ ಅವನು ತಡೆದ.

"ನೀನು ಹೊರಗಿರು ಅಕ್ಕ. ನಾನೊಬ್ಬನೇ ಹೇಳ್ತೀನಿ."

ಅವಳು ಗೋಡೆಯ ಬದಿಯ ಬೆಂಚಿನ ಮೇಲೆ ಕೂತಳು. ಬಾಗಿಲು ಮುಚ್ಚಿಕೊಂಡಿತು. ಒಳಗೆ ಕುರ್ಚಿ ಎಳೆದ ಸದ್ದು, ಆಮೇಲೆ ತಮ್ಮನ ದನಿ, ತಗ್ಗಿಸಿ, ನಿಲ್ಲದೆ. ಒಂದು ಮಾತೂ ಬಿಡಿಯಾಗಿ ಕೇಳಿಸಲಿಲ್ಲ. ಕಿವಿಗೊಡಬಾರದೆಂದು ಅವಳು ಬೆಂಚಿನ ಇನ್ನೊಂದು ತುದಿಗೆ ಸರಿದು ಕೂತಳು.